ಒತ್ತು ಕೂರುವ ಕಿಟಕಿ

ಚಂದ ಬೇಡ ಅಂತ ಮೊದಲೇ ಹೇಳಿದ್ದೆ.
ಗಾಜಿನ ಹಾಗೆ ಹಿಂದಿನದೆಲ್ಲ ಕಾಣುವ ಕಿಟಕಿ ನನಗ್ಯಾಕೆ,
ಹಿಂದೆ ಇರೋದು ಇಲಾಖೆಯ ಲಾಂಛನ, ಅಷ್ಟೆ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ತೂಕದ ಕಟ್ಟೆಯ ಹಿಂಬದಿ ಕೋಣೆ,
ಮೌಸಿನ ಬಾಲ ಹೋದ ವರ್ಷವೇ ಹರಿದಿದೆ.
ಕಪ್ಪು ಪರದೆ, ಒಂದು ಸಾಲು, ಹತ್ತು ಬೆರಳು:
ಲಾಟು ಕೇಳಿದರೆ ಲಾಟು, ತೂಕ ಕೇಳಿದರೆ ತೂಕ.

ಯಂತ್ರದ ಜೊತೆ ಬಂದ ಟರ್ಮಿನಲ್ ತೆರೆದು
ಮೊದಲು ಊರಿನ ಹೆಸರು ಒತ್ತಿದೆ.
ಶಿ ಡ್ ಲ ಘ ಟ್ ಟ
ಬಸ್ಸಿನಿಂದ ಇಳಿದವರ ಹಾಗೆ ಒಂದೊಂದೇ ನಿಂತವು,
ಒಂದಕ್ಕೊಂದು ಪರಿಚಯವಿಲ್ಲ.

ಚಿಕ್ಕಬಳ್ಳಾಪುರದಿಂದ ಪ್ರಫುಲ್ಲಚಂದ್ರ ಬಂದು ಇನ್ನೊಂದು ಹಾಕಿಕೊಟ್ಟ.
ವೇಗ ಅಂದರೆ ವೇಗ. ತಿಂಗಳ ಲಾಟೆಲ್ಲ ಸುರಿದರೂ
ಟೀ ಲೋಟ ಎತ್ತುವುದರೊಳಗೆ ತಳ ಮುಟ್ಟುತ್ತೆ.
ಟ್ಯಾಬು, ಹೋಳು, ಇಪ್ಪತ್ತು ಬಗೆ ಬಣ್ಣ.
ಒತ್ತು ಮಾತ್ರ ಪಕ್ಕದ ಅಕ್ಷರದ ತಲೆ ಮೇಲೆ.
"ಹೆಸರು ತಾನೆ ಮೇಡಂ, ಇಂಗ್ಲಿಷಲ್ಲಿ ಹಾಕಿ."
ಹಾಕಿದೆವು, ಅದನ್ನೂ ಮಾಡಿದೆವು.
ದಿಬ್ಬೂರಹಳ್ಳಿ ಕಡೆಯ ದ್ಯಾವಪ್ಪ
ಒಂದು ಚೀಟಿಯಲ್ಲಿ ದೇವಪ್ಪ, ಇನ್ನೊಂದರಲ್ಲಿ ಡಾಯವಪ್ಪ,
ದುಡ್ಡು ಹೋದದ್ದು ಇವರಿಬ್ಬರೂ ಅಲ್ಲದ ಮೂರನೆಯವನಿಗೆ.
ವಾಪಸು ತರಿಸಲು ಹನ್ನೊಂದು ದಿನ, ನನ್ನ ಸಹಿ ಏಳು ಕಡೆ.

ರೀಲರ್ ಖಾದರ್‌ಬಾಷಾ ಟ್ರೇಯಿಂದ ಒಂದು ಗೂಡೆತ್ತಿ
ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಬಣ್ಣ ನೋಡಿ ಕೊಳ್ಳುವವನು ಹೊಸಬ.
ದಪ್ಪನೆಯದೊಂದನ್ನು ಬೇರೆ ಇಟ್ಟ: "ಜೋಡಿಗೂಡು.
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿಬಿಟ್ಟಿವೆ, ಮೇಡಂ.
ಎಳೆ ಯಾವುದು ಯಾರದು ಗೊತ್ತಾಗಲ್ಲ, ಚರಕ ನಿಂತೋಗುತ್ತೆ."
ಬಿಸಾಡ್ತೀರಾ?
"ಛೆ, ಯಾಕೆ? ಒರಟು ರೇಷ್ಮೆ ಬರುತ್ತೆ. ಕೊಳ್ಳೋರು ಬೇರೆ."

ನಮ್ಮ ಒತ್ತಕ್ಷರವೂ ಜೋಡಿಗೂಡೇ.
ಟರ್ಮಿನಲ್ಲಿನಲ್ಲಿ ಅಕ್ಷರಕ್ಕೊಂದು ಮನೆ, ಎಲ್ಲಕ್ಕೂ ಒಂದೇ ಅಳತೆ;
ನಮ್ಮ ಘ ಎರಡೂ ಗೋಡೆಗೆ ಭುಜ ತಾಗಿಸುತ್ತೆ,
ಟ ಒತ್ತು ಕೆಳಗಿನ ಮನೆಯವರ ಸೂರಿಗೆ
ಕಾಲು ಇಳಿಬಿಟ್ಟು ಕೂರುತ್ತೆ.
ಅಳತೆ ಹಾಕಿದವನು ಇಂಥ ಸಂಸಾರ ಕಂಡವನಲ್ಲ.

ಮೂರನೆಯದು ಹಳೆಯದು, ಬೂದಿ ಬಣ್ಣ, ಯಾರೂ ಹೊಗಳದ್ದು.
ಉದ್ದ ಪಟ್ಟಿ ಕೇಳಿದರೆ ಏದುಸಿರು ಬಿಡುತ್ತೆ.
ತೂಕದ ಅಂಕಿಗಳು ಹೆಸರು ದಾಟಿದ ಮೇಲೆ ವಾರೆ,
ಚಂದ್ರಿಕೆಯನ್ನು ಗೋಡೆಗೆ ಒರಗಿಸಿಟ್ಟ ಹಾಗೆ.
ಆದರೂ ದ್ಯಾವಪ್ಪ ಅಂತ ಒತ್ತಿದರೆ
ದ್ಯಾವಪ್ಪನೇ ಬಂದ.

ಪ್ರಫುಲ್ಲ ಕೇಳಿದರೆ ಎರಡೂ ಇಟ್ಟುಕೊಂಡಿದ್ದೇನೆ ಅಂತೀನಿ:
ರಾತ್ರಿ ಲೆಕ್ಕ ಸುರಿಯಲು ಅವನದು, ಹೆಸರಿಗೆ ಇದು.
ನಿಜ ಹೇಳಬೇಕೆಂದರೆ
ಅವನದನ್ನು ತೆರೆದು ಹದಿನೈದು ದಿನವಾಯಿತು.

ಇವತ್ತು ದ್ಯಾವಪ್ಪ ಕೌಂಟರಿನ ಮೇಲೆ ಬಗ್ಗಿ ಪರದೆ ನೋಡಿದ.
ಓದು ಅಷ್ಟಕ್ಕಷ್ಟೆ; ಬೆರಳು ನಿಧಾನ ಸರಿದು
ದ ಪಕ್ಕದ ಆ ಸಣ್ಣ ಕೊಕ್ಕೆಗೆ ಬಂದು ನಿಂತಿತು.
"ಹ್ಞೂ, ನಂದೇ," ಅಂದ. "ರೇಟೆಷ್ಟು ಬಿತ್ತು?"
ಹೇಳಿದೆ. ಮುಖ ಸಿಂಡರಿಸಿದ.
ಹೆಸರಿನಿಂದ ಅರ್ಧ ಮನೆ ದೂರದಲ್ಲಿ ಕರ್ಸರು
ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ
ಮಿಣುಕುತ್ತಿತ್ತು.