ಆರನೇ ತಾಸು

ಹನ್ನೆರಡೂವರೆಗೆ ಸೀಟಿ. ರುವೈಸಿನ ಕಬ್ಬಿಣವೆಲ್ಲ
ಮುಟ್ಟಿದರೆ ಬೊಬ್ಬೆ.
ಕಾನೂನು ಕೊಟ್ಟ ನೆರಳಿಗೆ ಬಂದು ಬಿದ್ದೆವು,
ಹೆಲ್ಮೆಟ್ಟೇ ದಿಂಬು.

ಫೋರ್ಮನ್ ಕ್ರೇಗ್ ಹಲ್ಲು ಕಿರಿದ: "ಸಿಯೆಸ್ಟಾ, ಹಾಂ? ಸಿಯೆಸ್ಟಾ?"
ಅವನ ಇಂಗ್ಲಿಷಿನಲ್ಲಿ ಆ ಮಾತಿಗೆ
ಮೈಗಳ್ಳನ ವಾಸನೆ.

ಪಕ್ಕದ ರೊಡೆಲಿಯೊ, ಫಿಲಿಪೈನ್ಸಿನ ಯಾವುದೋ ನಡುಗಡ್ಡೆಯವನು,
ಮಗ್ಗುಲಾಗಿ ಹೇಳಿದ:
ಮೂಲದಲ್ಲಿ ಅದೊಂದು ಎಣಿಕೆಯಂತೆ.
ಹೊತ್ತು ಹುಟ್ಟಿದ ಮೇಲೆ ಆರನೇ ತಾಸು.
ಸ್ಪೇನಿನವರು ಹಡಗಲ್ಲಿ ತಂದದ್ದು,
ಹೋಗುವಾಗ ಅವನ ಅಜ್ಜಿಯ ಬಾಯಲ್ಲಿ ಮರೆತದ್ದು.

"ನಿಮ್ಮಲ್ಲಿ ಏನಂತೀರಿ?"
ಜೊಂಪು, ಅಂದೆ.
"ಜೊಂಪೋ" ಅಂದ, ಅದಕ್ಕೂ ಸ್ಪೇನಿನ ಬಾಲ ಅಂಟಿಸಿ.
ನಕ್ಕೆವು. ಬಾಟಲಿಯ ನೀರು ಚಹಾದಷ್ಟು ಬಿಸಿ.

ಆಮೇಲೆ ಬೆರಳು ಮಡಚಿ ಲೆಕ್ಕ ಹಾಕಿದೆ.
ಕ್ಯಾಂಪಿನ ಬಸ್ಸಿಗೆಂದು ಎದ್ದದ್ದು ಮೂರಕ್ಕೆ,
ಹೊತ್ತು ಇನ್ನೂ ಹುಟ್ಟಿರಲಿಲ್ಲ.
ಹಾಗಾದರೆ ನಮ್ಮ ಆರನೇ ತಾಸು
ಒಂಬತ್ತಕ್ಕೇ ಬಂದು ಹೋಗಿದೆ.
ನಾನಾಗ ನಲವತ್ತು ಅಡಿ ಮೇಲೆ,
ಹಲ್ಲಲ್ಲಿ ತಂತಿ ಕಚ್ಚಿಕೊಂಡು
ಸರಳಿಗೆ ಸರಳು ಬಿಗಿಯುತ್ತಿದ್ದೆ.
ಅದು ಹಾದದ್ದು ಗೊತ್ತೇ ಆಗಲಿಲ್ಲ.

ಇದನ್ನು ರೊಡೆಲಿಯೊಗೆ ಹೇಳೋಣವೆಂದರೆ
ಅವನು ಆಗಲೇ ಗೊರಕೆ.