ಹದಿಮೂರನೆಯ ಸೂಜಿ

ಗ್ರಾಟ್ಸ್ ಊರಿನ ಟ್ರಾಮ್ ಹಳಿಗೆ ಬೆಳಗ್ಗೆಯೇ ಉಪ್ಪು ಚೆಲ್ಲಿದ್ದಾರೆ.
ಬೂಟಿನ ಹಿಮ ಕೊಡವಿ
ಪರದೆಯೆದುರು ಕೂತಳು ರೋಸ್ವಿಟಾ ಕೋಫ್ಲರ್.
ಎಲ್ಲೋ ಧೂಮಕೇತುವಿನ ಬೆನ್ನು ಹತ್ತಿದ ನೌಕೆಯಲ್ಲಿ
ಸೂಜಿಯೊಂದು ನಿನ್ನೆ ತಡವಿದ್ದು
ಈಗ ಬರುತ್ತಿದೆ, ಗೆರೆ ಗೆರೆಯಾಗಿ.

ಅದಕ್ಕೆ ಕಣ್ಣಿಲ್ಲ.
ಕರೆಂಟು ಹೋದ ರಾತ್ರಿ ಗೋಡೆ ಸವರುತ್ತ
ಬೆಂಕಿಪೊಟ್ಟಣ ಹುಡುಕಿದ ಹಾಗೆ
ಮುಟ್ಟಿ, ಎತ್ತಿ, ಮತ್ತೆ ಮುಟ್ಟಿ.

ಕಣ ಅಂದುಕೊಂಡದ್ದು ಕಣಗಳ ಗುಂಪು.
ಗುಂಪಿನೊಳಗೆ ಪುಟ್ಟ ಗುಂಪು,
ಅದರೊಳಗೂ.
ಎಳ್ಳುಂಡೆ ಅನ್ನೋಣವೆಂದರೆ ಬೆಲ್ಲವೇ ಇಲ್ಲ;
ಮುಕ್ಕಾಲುಪಾಲು ಬರೀ ಬಯಲು.
ಒಂದು ಚೂರು ಸೂರ್ಯನ ಒಲೆಬದಿ ಬೆಂದದ್ದಂತೆ,
ಒತ್ತಿನದು ಬಿಸಿಲನ್ನೇ ಕಾಣದ್ದು.
ಅಂಟು ಗಟ್ಟಿಯಿತ್ತೆಂದಲ್ಲ,
ಬಿಡಿಸಲು ಯಾರೂ ಬರಲಿಲ್ಲ
ಇಷ್ಟು ಕಾಲ.

ಮರುದಿನ ಅದೇ ಜಾಗ ಖಾಲಿ.
ಸೂಜಿಯ ಮೊನೆಗೇ ಹತ್ತಿಕೊಂಡುಬಿಟ್ಟಿದೆ ಧೂಳು.
ಇನ್ನದು ಏನು ಮುಟ್ಟಿದರೂ
ನುಣ್ಣನೆ ತಟ್ಟೆಯ ಮೇಲೂ
ಅದೇ ಗುಂಪು, ಅದೇ ಗುಂಪಿನೊಳಗಿನ ಗುಂಪು.

"ಕೆಟ್ಟಿತು," ಅಂದ ಆಲ್ಬಿನ್,
"ಮುಂದಿನದಕ್ಕೆ ತಿರುಗಿಸು."

ತಿರುಗಿಸಿದಳು. ಕಡತದಲ್ಲಿ ಬರೆದಳು:
ಹದಿಮೂರು. ಬಳಸತಕ್ಕದ್ದಲ್ಲ.
ಚಿತ್ರ ಅಳಿಸಲಿಲ್ಲ.
ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ
ಬೆಳಕಿಗೆ ಹಿಡಿದು
ಇನ್ನೊಮ್ಮೆ ಒರೆಸಿದಳು.