ಒಂದು ಗೋಣಿ ಕಲ್ಲುಪ್ಪು

ಹೊಳೆಯಾಚೆ ಮೂವತ್ತೊಂದು ಕಾರ್ಡು.
ಅಕ್ಕಿ ಏಳು ಚೀಲ, ಕಲ್ಲುಪ್ಪು ಒಂದು ಗೋಣಿ,
ಬಲೆಯ ನೂಲು, ಸೀಮೆಎಣ್ಣೆಯ ಕ್ಯಾನು,
ಅಂಗನವಾಡಿಯ ತೂಕದ ಯಂತ್ರ ಅಡ್ಡ ಮಲಗಿ
ಆಕಾಶವನ್ನು ತೂಗುತ್ತಿತ್ತು.

ಪೋಕರ್ ಕಾಕ ದೋಣಿಯ ಅಂಚಿಗೂ ನೀರಿಗೂ ನಡುವೆ
ಬೆರಳಿಟ್ಟು ಅಳೆದ. ನಾಲ್ಕು ಬೆರಳು.
‘ಚೋಂದಮ್ಮಕ್ಕ, ನೀವು ಮುಂದೆ ಕೂರಿ,
ಲೆಕ್ಕದ ಪುಸ್ತಕ ಮಡಿಲಲ್ಲಿರಲಿ.
ಸಿಟ್ಟು ಬಂದರೂ ಏಳಬಾರದು.’

ಆಗಸ್ಟಿನ ಕಾವೇರಿ. ಎಲ್ಲಿಂದಲೋ ಬಿದಿರುಮೆಳೆ ಕಿತ್ತು ತಂದು
ಎಲ್ಲಿಡುವುದೆಂದು ತಿಳಿಯದೆ ತಿರುಗಿಸುತ್ತಿದ್ದಳು.

ಕಾಕನ ಅಜ್ಜ ಮಂಜಿಯಲ್ಲಿದ್ದವನು.
ದ್ವೀಪಕ್ಕೆ ಮಂಗಳೂರು ಹೆಂಚು, ಬರುವಾಗ ಕೊಬ್ಬರಿ, ಒಣಮೀನು.
ಒಮ್ಮೆ ಮದುವೆಯ ಪಾತ್ರೆ ಹೇರಿಕೊಂಡು
ಹನ್ನೊಂದು ದಿನ ಗಾಳಿಯಿಲ್ಲದೆ ನಿಂತನಂತೆ,
ಮದುಮಗಳ ಬಿಂದಿಗೆಯಲ್ಲೇ ಮಳೆ ಹಿಡಿದು ಕುಡಿದರಂತೆ.

‘ಅಜ್ಜನಿಗೆ ಹನ್ನೊಂದು ದಿನ, ನನಗೆ ಹನ್ನೊಂದು ನಿಮಿಷ.
ಆದರೆ ಅವನಿಗೆ ಆಚೆ ದಡ ಕಾಣುತ್ತಿರಲಿಲ್ಲ.
ನನಗೆ ಕಾಣುತ್ತದಲ್ಲ, ಅದೇ ಕಷ್ಟ.
ಕಾಯುವವರ ಮುಖ ನೋಡುತ್ತಲೇ ಹುಟ್ಟು ಹಾಕಬೇಕು.’

ಮೆಳೆ ಬಂದು ಪಕ್ಕೆಗೆ ತಾಗಿದ್ದು ಆಗಲೇ.
ದೋಣಿ ಒಂದು ಗುಟುಕು ಹೊಳೆ ಕುಡಿಯಿತು.
ಅಕ್ಕಿಗೆ ಟಾರ್ಪಾಲು ಹೊದಿಸಿದ್ದೆ. ಉಪ್ಪಿಗೆ
ಯಾರು ಹೊದಿಸುತ್ತಾರೆ?

ಗೋಣಿ ಹಾಗೇ ಇತ್ತು, ಬಾಯಿಯ ಹೊಲಿಗೆ ಹಾಗೇ.
ಒಳಗಿನಿಂದ ಯಾರೋ ಹೇಳದೆ ಎದ್ದು ಹೋಗುತ್ತಿರುವಂತೆ
ಮೆಲ್ಲಗೆ ಕುಗ್ಗುತ್ತಿತ್ತು.
ನಾನು ಡಬ್ಬದಿಂದ ನೀರು ಮೊಗೆದು ಹೊರಗೆ ಚೆಲ್ಲಿದೆ,
ಚೆಲ್ಲಿದ್ದು ಉಪ್ಪನ್ನೇ ಎಂದು ತಿಳಿದದ್ದು
ಕಾಕ ಬೆರಳು ನೆಕ್ಕಿ ನಕ್ಕಾಗ:
‘ಲಾರಿ ಹತ್ತಿ ಘಟ್ಟಕ್ಕೆ ಬಂದಿತ್ತು ಪಾಪ,
ಕಡಲಿಗೆ ನಡೆದುಕೊಂಡೇ ಹೊರಟಿತು.’

ಆಚೆ ಕಲ್ಲಿನ ಮೇಲೆ ಚೆನ್ನಾಜಿ
ಎರಡು ಬುಟ್ಟಿ ಗೆಂಡೆಮೀನು ಸೀಳಿ, ನೊಣ ಓಡಿಸುತ್ತ
ಈ ಉಪ್ಪಿಗೇ ಕಾಯುತ್ತಿದ್ದಳು.
ಗೋಣಿಯನ್ನು ಒಮ್ಮೆ ಎತ್ತಿ ನೋಡಿದಳು. ಬೈಯಲಿಲ್ಲ.
ಮಗನನ್ನು ಹಸಿಸೌದೆಗೆ ಕಳಿಸಿದಳು,
ಮೀನು ಇನ್ನು ಹೊಗೆಗೆ.

ಆಮೇಲೆ ಸೆರಗು ಸಿಕ್ಕಿಸಿ, ಗೋಣಿಯನ್ನು
ಮಗುವಿನ ಬಟ್ಟೆಯ ಹಾಗೆ ಹಿಂಡಿದಳು.
ಮಡಕೆಯೊಳಗೆ ಕಂದುನೀರು, ಎರಡು ಸೇರು ಇದ್ದೀತು.
‘ಇವತ್ತಿನ ಸಾರಿಗಾಯಿತು.
ಅಕ್ಕ, ಇದಕ್ಕೂ ಹೆಬ್ಬೆಟ್ಟು ಒತ್ತಬೇಕಾ?’

ಯಂತ್ರ ತೆಗೆದೆ. ಸಿಗ್ನಲ್ ಇರಲಿಲ್ಲ.
ಅವಳ ಹೆಬ್ಬೆರಳು ಉಪ್ಪಿನಲ್ಲಿ ಬಿಳುಚಿ,
ಗೆರೆಗಳೆಲ್ಲ ಉಬ್ಬಿ ನಿಂತಿದ್ದವು.